ಹಳೆ ಜಾವಾದಲ್ಲಿ ನೆಟ್‌ವರ್ಕ್ ಓದು: ಕೊಡಪಾನ ಎಷ್ಟು ತುಂಬಿತು ನೋಡಿ

ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಜಾವಾ 8, ಅಂದರೆ ಆ ಪ್ರೋಗ್ರಾಮಿಂಗ್ ಭಾಷೆಯ ಹಳೆ ಆವೃತ್ತಿ. "ಓಡ್ತಾ ಇರುವುದನ್ನು ಮುಟ್ಟುವುದು ಬೇಡ ಮಾರಾಯ್ರೆ" ಎನ್ನುತ್ತಾರೆ ಧನಿಗಳು. ನೆಟ್‌ವರ್ಕಿನಿಂದ ಬಂದದ್ದನ್ನೆಲ್ಲ ಒಂದೇ ಏಟಿಗೆ ಓದುವ 'ರೀಡ್‌ಆಲ್‌ಬೈಟ್ಸ್' ಬಂದದ್ದು 2017ರಲ್ಲಿ, ಜಾವಾ 9ರ ಜೊತೆ. ಅದಕ್ಕಿಂತ ಹಳತಾದರೆ ಮತ್ತೆ ಮತ್ತೆ ಓದುವ ಲೂಪ್ ನಾವೇ ಬರೆಯಬೇಕು. ನಾಲ್ಕೈದು ಸಾಲು, ಅಷ್ಟೆ. ಆದರೆ ನಾನು ಎಡವಿದ್ದೂ ಅಲ್ಲೇ.

ನಮ್ಮೂರಿನ ಸುರಂಗದ ನೀರು ನೆನೆಸಿಕೊಳ್ಳಿ. ಮುರಕಲ್ಲಿನೊಳಗಿಂದ ಒಸರಿದಷ್ಟೇ ಬರುತ್ತದೆ, ನಾವು ಕೊಡಪಾನ ಹಿಡಿದು ಹಂಡೆಗೆ ಸುರಿಯುತ್ತೇವೆ. ಇಲ್ಲಿ ಕೊಡಪಾನವೆಂದರೆ 8192 ಬೈಟಿನ ಒಂದು ಅರೇ (ಸಾಲಾಗಿ ಜೋಡಿಸಿದ ಖಾನೆಗಳು), ಹಂಡೆಯೆಂದರೆ ಬಂದ ಬೈಟನ್ನೆಲ್ಲ ಕೂಡಿಡುವ ಬೈಟ್‌ಅರೇಔಟ್‌ಪುಟ್‌ಸ್ಟ್ರೀಮ್. ಮೊದಲು ಇವೆರಡನ್ನೂ ಮಾಡಿಟ್ಟುಕೊಳ್ಳಿ.

ಆಮೇಲೆ ಲೂಪಿನೊಳಗೆ 'ರೀಡ್' ಕರೆದು, ಅದು ಕೊಡುವ ಸಂಖ್ಯೆಯನ್ನು 'ಎನ್' ಎಂಬ ವೇರಿಯೇಬಲ್‌ನಲ್ಲಿ ಹಿಡಿಯಿರಿ. ಈ ಸಲ ಎಷ್ಟು ಬೈಟ್ ಸಿಕ್ಕಿತು ಎಂಬ ಲೆಕ್ಕ ಅದು. -1 ಬಂದರೆ ಮುಗಿಯಿತು, ಹೊರಗೆ ಬನ್ನಿ. ಇಲ್ಲವಾದರೆ ಹಂಡೆಗೆ ಅರೇಯ ಸೊನ್ನೆಯಿಂದ 'ಎನ್' ಬೈಟ್ ಮಾತ್ರ ಬರೆಯಿರಿ. ನಾನು ಹಿಂದೊಮ್ಮೆ ಇಡೀ ಅರೇಯನ್ನೇ ಸುರಿದಿದ್ದೆ. ಕೊನೆಯ ಕೊಡಪಾನ ಅರ್ಧವೂ ತುಂಬಿರಲಿಲ್ಲ, ಉಳಿದ ಜಾಗದಲ್ಲಿ ಹಿಂದಿನ ಸಲದ ಬೈಟುಗಳು ಹಾಗೇ ಇದ್ದವು. ಓದಿ ತಂದ ಗಿರಾಕಿಗಳ ಬಾಕಿ ಪಟ್ಟಿಯ ತುದಿಯಲ್ಲಿ ಒಂದಷ್ಟು ಹೆಸರು ಮತ್ತೊಮ್ಮೆ ಬಂತು, ಬಾಕಿಯೂ ಎರಡೆರಡು ಸಲ ಕೂಡಿತು.

'ಅವೈಲೆಬಲ್' ಕೊಡುವ ಅಂಕಿ ನೋಡಿ ಅರೇಯ ಅಳತೆ ನಿರ್ಧರಿಸುವವರಿದ್ದಾರೆ. ಬೇಡ. ಕಾಯದೆ ಈಗ ಎಷ್ಟು ಸಿಗಬಹುದು ಎಂದಷ್ಟೇ ಅದು ಹೇಳುತ್ತದೆ, ಇನ್ನೆಷ್ಟು ಬರಲಿಕ್ಕಿದೆ ಎಂದಲ್ಲ.

ಬೈಟನ್ನು ಅಕ್ಷರವಾಗಿಸುವುದು ಹಂಡೆ ತುಂಬಿದ ಮೇಲೆ. 'ಕಾಸರಗೋಡು' ನಮ್ಮ ಕಣ್ಣಿಗೆ ಐದು ಅಕ್ಷರ, ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ (ಅಕ್ಷರವನ್ನು ಬೈಟಾಗಿ ಬರೆಯುವ ಕ್ರಮ) 24 ಬೈಟ್. ಪ್ರತಿ ಕೊಡಪಾನವನ್ನೂ ಆಗಿಂದಾಗಲೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿದರೆ ಯಾವುದೋ ಅಕ್ಷರ ನಡುವೆ ತುಂಡಾಗಿ ಅಲ್ಲೊಂದು ಪ್ರಶ್ನೆಚಿಹ್ನೆ ಕೂರುತ್ತದೆ. ಸ್ಟ್ರಿಂಗ್ ಮಾಡುವಾಗ ಯುಟಿಎಫ್-8 ಎಂದು ಹೆಸರಿಟ್ಟೇ ಹೇಳಿ. ಹೇಳದಿದ್ದರೂ ಅದನ್ನೇ ಹಿಡಿಯುವ ಪದ್ಧತಿ ಬಂದದ್ದು ಜಾವಾ 18ರಲ್ಲಿ. ಹಳೆ ಜಾವಾ ವಿಂಡೋಸಿನ ಎನ್‌ಕೋಡಿಂಗ್ ಹಿಡಿಯುತ್ತದೆ, ಆಗ ಕನ್ನಡದ ಹೆಸರೂ ಮಲಯಾಳದ ಹೆಸರೂ ಒಟ್ಟಿಗೇ ಕೆಡುತ್ತವೆ. ಸಾಲುಸಾಲಾಗಿ ಓದುವುದಾದರೆ ಇನ್‌ಪುಟ್‌ಸ್ಟ್ರೀಮ್‌ರೀಡರಿಗೆ ಯುಟಿಎಫ್-8 ಕೊಟ್ಟು, ಮೇಲೆ ಬಫರ್ಡ್‌ರೀಡರ್ ಹೊದಿಸಿ. 'ನಲ್' ಬರುವವರೆಗೆ 'ರೀಡ್‌ಲೈನ್' ಸಾಕು.

-1 ಬರುವುದು ಆಚೆಯವರು ಸಂಪರ್ಕ ಮುಚ್ಚಿದಾಗ. ಸಾಕೆಟ್, ಅಂದರೆ ಆ ಸಂಪರ್ಕ, ತೆರೆದೇ ಇಡುವ ವ್ಯವಸ್ಥೆಯಾದರೆ ಅವರಿಂದ ಉದ್ದವನ್ನು ಮೊದಲೇ ಕಳಿಸಿಕೊಂಡು, ಅಷ್ಟನ್ನೇ ಡೇಟಾಇನ್‌ಪುಟ್‌ಸ್ಟ್ರೀಮಿನ 'ರೀಡ್‌ಫುಲಿ'ಯಿಂದ ಓದಿ.

ಇನ್ನೊಂದು, 'ರೀಡ್' ಎಷ್ಟು ಹೊತ್ತು ಕಾಯಬೇಕೆಂದು ಹೇಳುವ 'ಸೆಟ್‌ಎಸ್‌ಒಟೈಮ್‌ಔಟ್'ಗೆ 10000 ಮಿಲಿಸೆಕೆಂಡ್ ಕೊಡಿ. ಆಟಿ ಮಳೆಗೆ ಲೈನ್ ಹೋದರೆ -1 ಕೂಡ ಬರುವುದಿಲ್ಲ. ಈ ಸಾಲಿಲ್ಲದೆ ಸಂಜೆ ಬಿಟ್ಟುಹೋದ ಪ್ರೋಗ್ರಾಮು ಮರುದಿನ ಅಂಗಡಿ ತೆರೆದಾಗಲೂ ಅದೇ 'ರೀಡ್'ನಲ್ಲಿ ಕಾಯುತ್ತ ನಿಂತಿತ್ತು.