ಗರ್ಭಕೊರಳಿನ ಅಳತೆ ಮತ್ತು ಪ್ರೊಜೆಸ್ಟರೋನ್: ಗಡಿನಾಡಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ನನ್ನ ಅನುಭವ

ಗರ್ಭಕೊರಳು ಎಂದರೆ ಗರ್ಭಕೋಶದ ಕೆಳಬಾಯಿ; ಅದು ಗಿಡ್ಡವಾಗಿದ್ದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು, ಗರ್ಭವನ್ನು ಉಳಿಸಿಕೊಡುವ ಪ್ರೊಜೆಸ್ಟರೋನ್ ಹಾರ್ಮೋನು ಆ ಅಪಾಯವನ್ನು ತಗ್ಗಿಸಬಲ್ಲದು. ಐದನೆಯ ತಿಂಗಳ ಸುಮಾರಿಗೆ ಮಗುವಿನ ಅಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನಿಗೆ ಬರುವ ಪ್ರತಿಯೊಬ್ಬ ಗರ್ಭಿಣಿಯ ಗರ್ಭಕೊರಳನ್ನೂ ಯೋನಿಯೊಳಗಿಟ್ಟು ನೋಡುವ ಒಳಪ್ರೋಬಿನಿಂದಲೇ ಅಳೆಯಬೇಕು, ಉದ್ದ 25 ಮಿಲಿಮೀಟರಿಗಿಂತ ಕಡಿಮೆ ಕಂಡವರಿಗೆ ಅಂದಿನ ರಾತ್ರಿಯಿಂದಲೇ ಯೋನಿಯೊಳಗೆ ಪ್ರೊಜೆಸ್ಟರೋನ್ ಕ್ಯಾಪ್ಸೂಲ್ ಇಡಲು ಹೇಳಬೇಕು ಎಂಬ ಕ್ರಮವನ್ನು ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ನಮ್ಮ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಜಾರಿಗೆ ತಂದಾಗ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಇದು ಇಲ್ಲಿ ನಡೆಯುವುದಿಲ್ಲ ಎಂದೇ ಹೇಳಿದ್ದರು. ನಮ್ಮ ಊರಿನ ಹೆಂಗಸರು ಒಳಸ್ಕ್ಯಾನಿಗೆ ಒಪ್ಪುವುದಿಲ್ಲ, ಒಪ್ಪಿದರೂ ಮೂರು ನಾಲ್ಕು ತಿಂಗಳು ಬಿಡದೆ ಕ್ಯಾಪ್ಸೂಲ್ ಇಟ್ಟುಕೊಳ್ಳುವುದಿಲ್ಲ, ವಾರಕ್ಕೊಂದು ಹಾರ್ಮೋನ್ ಸೂಜಿ ಕೊಟ್ಟರೆ ಅವರಿಗೂ ಸಮಾಧಾನ, ನಮಗೂ ಸುಲಭ ಎಂಬುದು ಅವರ ವಾದ. ಈಗ ಅವರಲ್ಲಿ ಕೆಲವರು ತಮ್ಮ ರೋಗಿಗಳನ್ನು ಈ ಅಳತೆಗಾಗಿಯೇ ನನ್ನಲ್ಲಿಗೆ ಕಳುಹಿಸುತ್ತಿರುವುದರಿಂದ, ಇಲ್ಲಿಯವರೆಗೆ ಬಂದ ದಾರಿಯನ್ನು ಬರೆದಿಡುತ್ತಿದ್ದೇನೆ.

ಹಟ ಹಿಡಿಯಲು ಕಾರಣವಾದದ್ದು 2020ರ ಮಾರ್ಚ್ ತಿಂಗಳು. ಅಲ್ಲಿಯವರೆಗೆ 34 ವಾರದೊಳಗಿನ ಹೆರಿಗೆಯ ಲಕ್ಷಣ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟಿರಾಯ್ಡ್ ಸೂಜಿ ಕೊಟ್ಟು ಮಂಗಳೂರಿಗೆ ಆಂಬುಲೆನ್ಸ್ ಹತ್ತಿಸುವುದೇ ನಮ್ಮೆಲ್ಲರ ಚಿಕಿತ್ಸೆಯಾಗಿತ್ತು. ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ ಚಿಕಿತ್ಸೆಯೇ ಇಲ್ಲದಾಯಿತು. ಉತ್ತರಕ್ಕೆ ಒಂದು ಗಂಟೆಯ ದಾರಿಯಿದ್ದವರು ದಕ್ಷಿಣಕ್ಕೆ ಕಣ್ಣೂರು ಜಿಲ್ಲೆಯ ಪರಿಯಾರಂವರೆಗೆ ಹೋಗಬೇಕಾಯಿತು. ಏಳು ತಿಂಗಳ ಕೂಸನ್ನು ಹೊತ್ತು ಹೆರಿಗೆಬೇನೆಯಲ್ಲಿರುವ ತಾಯಿಗೆ ಆ ದೂರ ಎಂಥದ್ದೆಂದು ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. ಬೇನೆ ಶುರುವಾದ ಮೇಲೆ ಓಡುವುದರ ಬದಲು, ಶುರುವಾಗುವ ಮೊದಲೇ ಯಾರಿಗೆ ಆಗಬಹುದೆಂದು ಹುಡುಕಿ ತಡೆಯುವುದೊಂದೇ ನನಗೆ ಉಳಿದಿದ್ದ ದಾರಿ.

ಮೊದಲು ಸಹೋದ್ಯೋಗಿಗಳು ಹೇಳುವ ವಾರದ ಸೂಜಿಯ ವಿಷಯ. ಪ್ರೊಜೆಸ್ಟರೋನಿನ ಕೃತಕ ರೂಪವಾದ ಆ ಹೈಡ್ರಾಕ್ಸಿಪ್ರೊಜೆಸ್ಟರೋನ್ ಸೂಜಿಯನ್ನು ನಾನೂ ವರ್ಷಗಟ್ಟಲೆ ಕೊಟ್ಟಿದ್ದೇನೆ. 2003ರ ಅಮೆರಿಕದ ಪ್ರಯೋಗದಲ್ಲಿ, ಹಿಂದೆ ಅವಧಿಪೂರ್ವ ಹೆರಿಗೆಯಾದವರ ಪೈಕಿ ಮತ್ತೆ ಹಾಗಾದವರ ಪ್ರಮಾಣ ಶೇಕಡಾ 55ರಿಂದ 36ಕ್ಕೆ ಇಳಿದದ್ದನ್ನು ನೋಡಿ ಎಲ್ಲರೂ ಅದರ ಬೆನ್ನು ಹತ್ತಿದ್ದೆವು. ಅದಕ್ಕಿಂತ ಬಹಳ ದೊಡ್ಡದಾದ ಪ್ರೊಲಾಂಗ್ ಪ್ರಯೋಗ 2019ರಲ್ಲಿ ಪ್ರಕಟವಾದಾಗ ಪ್ರಯೋಜನವೇನೂ ಕಾಣಲಿಲ್ಲ, 2023ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಆ ಔಷಧಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ನಮ್ಮ ಕಡೆ ಆ ಸೂಜಿ ನಿಲ್ಲದಿರುವುದಕ್ಕೆ ಹಣವೂ ಒಂದು ಕಾರಣವೆಂಬುದನ್ನು ನೇರವಾಗಿಯೇ ಹೇಳುತ್ತೇನೆ. ವಾರಕ್ಕೊಂದು ಸೂಜಿಯೆಂದರೆ ವಾರಕ್ಕೊಂದು ಭೇಟಿ. ನಾನು ನಿಲ್ಲಿಸಿದ ವರ್ಷ ಹೊರರೋಗಿ ವಿಭಾಗದ ಆದಾಯ ನೆನಪಿನ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಅದೇ ಹೊತ್ತಿಗೆ ಒಳಪ್ರೋಬಿಗೆ ಎರಡು ಲಕ್ಷದ ಆಸುಪಾಸು ಹಾಕಬೇಕಾಯಿತು. ಪಾಲುದಾರರನ್ನು ಒಪ್ಪಿಸುವುದು ರೋಗಿಗಳನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

ಅಳತೆಯ ವಿಷಯದಲ್ಲಿ ಹೊಟ್ಟೆಯ ಮೇಲಿನಿಂದ ನೋಡಿ ಬರೆಯುವ ಅಂಕಿಯನ್ನು ನಂಬಲೇಬಾರದು. ಮೂತ್ರಕೋಶ ತುಂಬಿದ್ದರೆ ಅದರ ಒತ್ತಡಕ್ಕೆ ಕೊರಳು ಉದ್ದವಾಗಿ ಕಾಣುತ್ತದೆ. ಬದಿಯಡ್ಕ ಕಡೆಯಿಂದ ಬಂದ ಒಬ್ಬಾಕೆಯ ವರದಿಯಲ್ಲಿ 36 ಮಿಲಿಮೀಟರ್ ಎಂದಿತ್ತು. ಮೂತ್ರ ಮಾಡಿ ಬರಲು ಹೇಳಿ ಒಳಗಿನಿಂದ ನೋಡಿದರೆ 19, ಮೇಲುಬಾಯಿ ಲಾಳಿಕೆಯಂತೆ ತೆರೆದುಕೊಂಡಿತ್ತು. ಪ್ರೋಬನ್ನು ಒತ್ತಿದರೂ ಇದೇ ತೊಂದರೆ. ಕೊರಳಿನ ಮುಂದುಟಿ, ಹಿಂದುಟಿ ಎರಡೂ ಒಂದೇ ದಪ್ಪ ಕಾಣುವವರೆಗೆ ಪ್ರೋಬನ್ನು ಹಿಂದಕ್ಕೆಳೆಯಬೇಕು. ಮೂರು ಸಲ ಅಳೆದು ಅತಿ ಚಿಕ್ಕದನ್ನೇ ಬರೆಯಬೇಕು, ನಡುವೆ ಅವಸರ ಮಾಡದೆ ಎರಡು ಮೂರು ನಿಮಿಷ ಕಾಯಬೇಕು. ಕಾಯುವ ಆ ಹೊತ್ತಿನಲ್ಲೇ ಮುಚ್ಚಿದಂತಿದ್ದ ಕೊರಳು ಕಣ್ಣೆದುರೇ ತೆರೆದುಕೊಳ್ಳುವುದುಂಟು. ಅನುಮಾನವಿದ್ದಾಗ ಅದನ್ನು ಬೇಗ ಹೊರಗೆಡಹುವ ಕೈಚಳಕವೊಂದು ನನ್ನಲ್ಲಿದೆ, ಅದನ್ನು ಬರೆದು ತಿಳಿಸಲಾಗದು, ಬಂದು ಪಕ್ಕದಲ್ಲಿ ನಿಂತವರಿಗೆ ತೋರಿಸುತ್ತೇನೆ. ಬದಿಯಡ್ಕ, ಪೆರ್ಲದ ಕ್ಲಿನಿಕ್ಕುಗಳಿಗೆ ಯಂತ್ರವನ್ನೇ ಒಯ್ದು ನೋಡಬಾರದೇ ಎಂದು ಕೇಳುವವರಿದ್ದಾರೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಯಂತ್ರವು ನೋಂದಣಿಯಾದ ಜಾಗದಲ್ಲೇ ಇರಬೇಕು, ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ಎಂಬ ದಾಖಲೆ ತುಂಬಬೇಕು. ಆದ್ದರಿಂದ ರೋಗಿಯೇ ಬರಬೇಕಾಗುತ್ತದೆ. ಒಳಸ್ಕ್ಯಾನಿಗೆ ಒಪ್ಪುವುದಿಲ್ಲ ಎಂಬ ಭಯ ಮಾತ್ರ ಸುಳ್ಳಾಯಿತು. ನಮ್ಮ ಸಿಸ್ಟರ್ ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ ಅವರವರ ಮನೆಮಾತಿನಲ್ಲಿ ಮೊದಲೇ ತಿಳಿಸಿ ಹೇಳಿದ ಮೇಲೆ ನೂರಕ್ಕೆ ತೊಂಬತ್ತು ಮಂದಿ ಒಪ್ಪುತ್ತಾರೆ.

ಕೊರಳು ಚಿಕ್ಕದಾಗಿ ಸಿಗುವುದು ನೂರರಲ್ಲಿ ಎರಡು ಮೂರು ಜನರಿಗೆ ಮಾತ್ರ. ಅವರಿಗೆ 200 ಮಿಲಿಗ್ರಾಂ ಮೈಕ್ರೊನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟರೋನ್, ರಾತ್ರಿ ಮಲಗುವಾಗ. ಇದರ ಹಿಂದಿರುವ ಬಲ ಚಿಕ್ಕದಲ್ಲ: 2007ರ ಪ್ರಯೋಗದಲ್ಲಿ ಕೊರಳು 15 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 34 ವಾರದೊಳಗಿನ ಹೆರಿಗೆ ಶೇಕಡಾ 34ರಿಂದ 19ಕ್ಕೆ ಇಳಿಯಿತು, 2011ರಲ್ಲಿ 10ರಿಂದ 20 ಮಿಲಿಮೀಟರಿನವರಿಗೆ ಜೆಲ್ ಕೊಟ್ಟು ನೋಡಿದಾಗ 33 ವಾರದೊಳಗಿನ ಹೆರಿಗೆ ಶೇಕಡಾ 16ರಿಂದ 9ಕ್ಕೆ ಬಂತು. ಪ್ರಯೋಜನ ಕಾಣದ 2016ರ ಆಪ್ಟಿಮಮ್ ಪ್ರಯೋಗವನ್ನು ಮುಂದಿಟ್ಟು ನನ್ನನ್ನು ಪ್ರಶ್ನಿಸಿದವರಿದ್ದಾರೆ. ಆದರೆ ಅದರಲ್ಲಿ ಬೇರೆ ಬೇರೆ ಕಾರಣಕ್ಕೆ ಅಪಾಯವಿದ್ದವರೆಲ್ಲ ಸೇರಿದ್ದರು. ಕೊರಳು ಚಿಕ್ಕದಿದ್ದವರನ್ನಷ್ಟೇ ಒಟ್ಟುಗೂಡಿಸಿ 2018ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಪ್ರಯೋಜನ ಮತ್ತೆ ಕಂಡಿತು.

ಇಷ್ಟಾದರೂ ಮೊದಲ ಒಂದೆರಡು ವರ್ಷ ನನ್ನ ಫಲಿತಾಂಶ ಚೆನ್ನಾಗಿರಲಿಲ್ಲ. ಚಿಕ್ಕ ಕೊರಳಿನವರಲ್ಲಿ ಹತ್ತಕ್ಕೆ ಮೂವರು 34 ವಾರದೊಳಗೇ ಹೆರುತ್ತಿದ್ದರು. ಕಾರಣ ಹುಡುಕಲು ಹೀಗೆ ಬೇಗ ಹೆತ್ತ ತಾಯಂದಿರ ಮನೆಗಳಿಗೆ ಫೋನ್ ಮಾಡಿ ಕೇಳಿದೆ. ಬೇಸಿಗೆಯ ಸೆಕೆಗೆ ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಳಿಗ್ಗೆ ಎಣ್ಣೆಯಂಥದ್ದು ಸೋರುವುದನ್ನು ಕಂಡು "ಡಾಕ್ಟ್ರೇ, ಮದ್ದೆಲ್ಲ ಹೊರಗೇ ಬರ್ತದಲ್ಲ" ಎಂದು ಕೆಲವರು ಬಾಯಿಯಲ್ಲಿ ನುಂಗತೊಡಗಿದ್ದರು. ನುಂಗಿದರೆ ಅದು ಯಕೃತ್ತಿನಲ್ಲೇ ಬಹುಪಾಲು ಕರಗಿಹೋಗಿ, ತಲೆಸುತ್ತು, ನಿದ್ದೆ ಮಾತ್ರ ಉಳಿಯುತ್ತದೆ. ಆದರೆ ಇವೆರಡಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ಜಾತಿ ಮತ ಭೇದವಿಲ್ಲದೆ ನಡೆದುಬಂದ ಕ್ರಮ. ತವರು ಪುತ್ತೂರಿನಲ್ಲೋ ವಿಟ್ಲದಲ್ಲೋ ಕಾಞಂಗಾಡಿನಲ್ಲೋ ಇರುತ್ತದೆ. ಅಲ್ಲಿನ ಹೊಸ ವೈದ್ಯರು ಹೊಟ್ಟೆಯ ಮೇಲಿನಿಂದ ನೋಡಿ ಎಲ್ಲ ಸರಿಯಿದೆ, ಇದು ಬೇಡ ಎನ್ನುತ್ತಾರೆ. ಹೀಗೆ 28ರಿಂದ 30ನೆಯ ವಾರದ ನಡುವೆ, ಯಾವಾಗ ಅತ್ಯಂತ ಅಗತ್ಯವೋ ಆಗಲೇ ಮದ್ದು ನಿಂತುಹೋಗುತ್ತಿತ್ತು. ಅವಧಿಗೆ ಮೊದಲೇ ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಥೆ ಇದೇ ಆಗಿತ್ತು.

ಅಲ್ಲಿಂದ ಮುಂದೆ ನಾನು ಕೊರಳಿನಷ್ಟೇ ಗಮನವನ್ನು ತವರಿನ ಪ್ರಯಾಣಕ್ಕೂ ಕೊಟ್ಟೆ. ಸ್ಕ್ಯಾನಿನ ಚಿತ್ರ, ಅಳತೆ, ಮದ್ದು ನಿಲ್ಲಿಸಬೇಕಾದ ದಿನ, ಈ ಮೂರನ್ನೂ ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ ಅಚ್ಚುಮಾಡಿದ ಕೆಂಪು ಅಂಚಿನ ಚೀಟಿಯನ್ನು ತಾಯಿ ಕಾರ್ಡಿಗೆ ಹೊಲಿದುಬಿಡುತ್ತೇವೆ. ಪಿನ್ನು ಹಾಕಿದರೆ ಬಿದ್ದುಹೋಗುತ್ತದೆ. ಹುಡುಗಿಯ ಅಮ್ಮನನ್ನು ಒಮ್ಮೆ ಕರೆಸಿ, ಫ್ರಿಜ್ಜಿನ ಬಾಗಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಇಡುವುದನ್ನು ಹೇಳಿಕೊಡುತ್ತೇವೆ, 36 ವಾರದವರೆಗಿನ ಕ್ಯಾಪ್ಸೂಲನ್ನು ಅವರ ಕೈಗೇ ಒಟ್ಟಿಗೆ ಕೊಡುತ್ತೇವೆ. ಕೆಲವು ಕ್ಯಾಪ್ಸೂಲುಗಳಲ್ಲಿ ನೆಲಗಡಲೆ ಎಣ್ಣೆ ಇರುವುದರಿಂದ ನೆಲಗಡಲೆ ಅಲರ್ಜಿ ಇದೆಯೇ ಎಂದು ಮರೆಯದೆ ಕೇಳಬೇಕು. ಮದ್ದು ನಿಜವಾಗಿ ಇಡುತ್ತಿದ್ದಾರೆಯೇ ಎಂದು ತಿಳಿಯಲು ಫೋನಿನಲ್ಲಿ ನಾವು ಕೇಳುವ ಒಂದು ಪ್ರಶ್ನೆಯಿದೆ. ಅದು ಎಲ್ಲರಿಗೂ ಗೊತ್ತಾದರೆ ಕೆಲಸಕ್ಕೆ ಬಾರದು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹಣದ ಲೆಕ್ಕವನ್ನು ಮನೆಯವರ ಮುಂದೆ ಹೀಗೆ ಇಡುತ್ತೇನೆ: ಕ್ಯಾಪ್ಸೂಲೊಂದಕ್ಕೆ ಮೂವತ್ತೈದು ನಲವತ್ತು ರೂಪಾಯಿ, ನೂರರ ಹತ್ತಿರ ಬೇಕು, ಒಟ್ಟು ನಾಲ್ಕು ಸಾವಿರ. 30 ವಾರಕ್ಕೆ ಹುಟ್ಟಿದ ಮಗುವಿಗೆ ಖಾಸಗಿ ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ಎಂಟು ಹತ್ತು ಸಾವಿರದಂತೆ ತಿಂಗಳಾದರೂ ಬೇಕಾಗುತ್ತದೆ. ಬೀಡಿ ಕಟ್ಟುವವರಿಗೆ ನಾಲ್ಕು ಸಾವಿರವೂ ಒಟ್ಟಿಗೆ ಹೊಂದದು, ಅವರಿಗೆ ಕೊಂಡ ಬೆಲೆಗೇ ಕೊಟ್ಟು ಅರ್ಧವನ್ನು ಹೆರಿಗೆಯ ನಂತರ ಪಡೆಯುತ್ತೇವೆ. ಬಾಕಿ ಉಳಿಸಿಕೊಂಡವರು ಬಹಳ ಕಡಿಮೆ.

ನಡುವೆ ಬೇರೆ ಹಾದಿಗಳನ್ನೂ ನೋಡಿದೆ. ರಕ್ತದ ಪ್ರೊಜೆಸ್ಟರೋನ್ ಪರೀಕ್ಷಿಸಿ ಮುನ್ಸೂಚನೆ ಸಿಗುವುದೇ ಎಂದು ಕೆಲವು ಕಾಲ ಮಾಡಿಸಿದೆ, ಖರ್ಚು ಮಾತ್ರ ಆಯಿತು. ಆಡು ಕುರಿಗಳಲ್ಲಿ ಹೆರಿಗೆಗೆ ಮೊದಲು ಈ ಹಾರ್ಮೋನಿನ ಮಟ್ಟ ರಕ್ತದಲ್ಲೇ ಕುಸಿಯುತ್ತದೆ. ಮನುಷ್ಯರಲ್ಲಿ ಮಟ್ಟ ಕುಸಿಯದೆ, ಗರ್ಭಕೋಶವೇ ಅದರ ಮಾತನ್ನು ಕೇಳುವುದನ್ನು ಬಿಡುತ್ತದೆ. ಮೀನಿನ ಎಣ್ಣೆಯಲ್ಲಿರುವ ಒಮೆಗಾ-3ರಿಂದ ಅವಧಿಪೂರ್ವ ಹೆರಿಗೆ ತುಸು ತಗ್ಗುತ್ತದೆಂಬ, ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2018ರ ಕೊಕ್ರೇನ್ ವಿಮರ್ಶೆ ಓದಿ, ಕಡಲ ಬದಿಯ ಬೂತಾಯಿ ಮೀನು ತಿನ್ನುವವರನ್ನೂ ಒಳನಾಡಿನ ಸಸ್ಯಾಹಾರಿಗಳನ್ನೂ ಹೋಲಿಸುವ ಪಟ್ಟಿಯೊಂದನ್ನು ಬರೆದಿಟ್ಟೆ. ನನ್ನ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಬೂತಾಯಿ ತಿನ್ನಿರಿ ಎಂದು ಹೇಳುವುದನ್ನು ಬಿಟ್ಟಿಲ್ಲ, ಅದರ ಪೋಷಣೆ ಹೇಗೂ ಬೇಕು. ಅವಳಿಗಳಿಗೆಲ್ಲ ಕ್ಯಾಪ್ಸೂಲ್ ಕೊಟ್ಟು ನೋಡುವ ಆಸೆಯನ್ನು ಅವಳಿಗಳಲ್ಲಿ ಪ್ರಯೋಜನ ಕಾಣದ 2009ರ ಸ್ಟಾಪಿಟ್ ಪ್ರಯೋಗದ ಫಲಿತಾಂಶ ಓದಿದ ಮೇಲೆ ಕೈಬಿಟ್ಟೆ.

ತವರಿನ ವ್ಯವಸ್ಥೆ ಸರಿಪಡಿಸಿದ ನಂತರದ ವರ್ಷಗಳಲ್ಲಿ ಚಿಕ್ಕ ಕೊರಳಿನವರ ಪೈಕಿ 34 ವಾರದೊಳಗೆ ಹೆತ್ತವರು ಏಳೆಂಟು ಜನರಿಗೆ ಒಬ್ಬರಷ್ಟೇ. ಈ ಅಳತೆಯನ್ನು ಇಷ್ಟು ಪಟ್ಟುಹಿಡಿದು ಮಾಡಿದ ಸಣ್ಣ ಆಸ್ಪತ್ರೆ ನಮ್ಮ ಆಸುಪಾಸಿನಲ್ಲಿ ಬೇರೊಂದು ನನಗೆ ಕಂಡಿಲ್ಲ. ಉಳಿದಿರುವ ಸೋಲುಗಳಲ್ಲಿ ಹೆಚ್ಚಿನವು, ಮೊದಲ ಸ್ಕ್ಯಾನಿನಲ್ಲೇ ಕೊರಳು 10 ಮಿಲಿಮೀಟರಿಗಿಂತ ಕಡಿಮೆ ಕಂಡವರದ್ದು. ಅಂಥವರಲ್ಲಿ ಕ್ಯಾಪ್ಸೂಲಿನ ಜೊತೆಗೆ ಕೊರಳನ್ನು ಮುಚ್ಚಿಡುವ ಹೊಲಿಗೆಯನ್ನೂ ಯಾರಿಗೆ, ಯಾವ ವಾರದಲ್ಲಿ ಹಾಕಬೇಕೆಂಬುದನ್ನು ಈಗ ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸುತ್ತಿದ್ದೇನೆ. ಕೊರಳು 25ರಿಂದ 30 ಮಿಲಿಮೀಟರಿನ ನಡುವೆ ಇರುವವರನ್ನು ಎರಡು ವಾರಕ್ಕೆ ಮತ್ತೆ ಕರೆದು ಶುಲ್ಕವಿಲ್ಲದೆ ಅಳೆಯುತ್ತೇನೆ, ಮದ್ದು ಮಾತ್ರ ಕೊಡುವುದಿಲ್ಲ.