ಬಿಆರ್‌ಎಸ್‌ಆರ್ ಲೆಕ್ಕ ನನಗ ಗೇಟಿನಾಗ ಸಿಕ್ತು

ಬಿಆರ್‌ಎಸ್‌ಆರ್ ಅಂದ್ರ ಪರಿಸರ, ಸಮಾಜ, ಆಡಳಿತದ ಬಗ್ಗೆ ಕಂಪನಿ ವರ್ಷಕ್ಕೊಮ್ಮೆ ಕೊಡೋ ವರದಿ. ಅದರ ಲೆಕ್ಕ ನಾನೇ ಮಾಡ್ತೀನಿ ಅಂದಿದ್ದಕ್ಕ ಎರಡು ವರ್ಷ ಎಲ್ಲಾರೂ ನಕ್ಕಿದ್ರು, ಈಗ ಅಶ್ಯೂರೆನ್ಸ್ ಸಹಿ, ಅಂದ್ರ ಅಂಕಿ ಖರೇ ಅಂತ ಹೊರಗಿನ ತಪಾಸಣೆಯವರ ಸಹಿ, ಬಿತ್ತು ಅಂತ ಬರ್ಯಾಕತ್ತೀನಿ. ನಾ ಧಾರವಾಡದಾಂವ, ಪುಣೆ ಹತ್ರದ ಚಾಕಣದಾಗ ಒಂದು ಫೋರ್ಜಿಂಗ್ ಕಂಪನಿಯೊಳಗ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ನೋಡ್ಕೋತೀನಿ.

ಇದರ ಹಿಂದಿನ ಹಳೇ ವರದಿ ಬಿಆರ್‌ಆರ್ ಇದ್ದಾಗ ಗಿಡ ಹಚ್ಚಿದ ನಾಲ್ಕು ಫೋಟೋ ಕೊಟ್ರ ಮುಗೀತಿತ್ತು. 2022-23ಕ್ಕ ಬಿಆರ್‌ಎಸ್‌ಆರ್ ಷೇರುಪೇಟೆಯ ಮೊದಲ 1000 ಕಂಪನಿಗೆ ಕಡ್ಡಾಯ ಆತು, ಆಗಲೂ ಯಾರೂ ತಲಿ ಕೆಡಿಸ್ಕೊಳ್ಳಲಿಲ್ಲ. 2023ರ ಜುಲೈದಾಗ ಷೇರುಪೇಟೆ ನಿಯಂತ್ರಕ ಸೆಬಿ 'ಕೋರ್' ತಂತು ನೋಡ್ರಿ, ಅಂದ್ರ ವರದಿಯ ಮುಖ್ಯ ಅಂಕಿಗೆ ಹೊರಗಿನವರ ತಪಾಸಣೆ ಬೇಕು, ಮೊದಲ ವರ್ಷ 150 ಕಂಪನಿ, 2024-25ಕ್ಕ 250, ಅದರಾಗ ನಾವು. ಹೊರಗಿನವರು ಬಂದು ಬಿಲ್ ತೋರ್ಸು ಅಂತಾರ ಅಂದಮ್ಯಾಲೇ ಸಾಹೇಬ್ರಿಗೆ ನನ್ನ ನೆನಪಾದದ್ದು.

ಕನ್ಸಲ್ಟೆಂಟ್ 14 ಲಕ್ಷ ಕೇಳಿದ, ಸಾಫ್ಟ್‌ವೇರ್ ಮ್ಯಾಲ ವರ್ಷಕ್ಕ ಐದೋ ಆರೋ. ನಾ ಮಾಡ್ತೀನ್ರಿ ಅಂದೆ. ಪ್ಲಾಂಟ್ ಹೆಡ್ 'ತುಲಾ ಜಮಣಾರ್ ನಾಹೀ' (ನಿನ್ನ ಕೈಲೆ ಆಗಂಗಿಲ್ಲ) ಅಂದ್ರು.

ಮೊದಲ ಸಲ ಖರೇನ ಜಮ್ಲಿಲ್ಲ. ಮಾರ್ಚ್‌ದಾಗ ಎಲ್ಲಾ ಡಿಪಾರ್ಟ್‌ಮೆಂಟಿಗೆ ಎಕ್ಸೆಲ್ ಕಳಿಸಿದೆ, ಡೀಸೆಲ್ಲಿಗೆ ಸ್ಟೋರ್ಸ್ ಒಂದು ಅಂಕಿ ಕೊಟ್ರ ಮೆಂಟೆನೆನ್ಸ್ ಇನ್ನೊಂದು, ಟ್ಯಾಂಕರ್ ನೀರು ಲೀಟರ್‌ದಾಗ ಇಟಿಪಿ (ಕಾರ್ಖಾನಿ ಹೊಲಸು ನೀರು ಶುದ್ಧ ಮಾಡೋ ಘಟಕ) ನೀರು ಕಿಲೋಲೀಟರ್‌ದಾಗ, ನಾ ಎರಡನ್ನೂ ಹಂಗೇ ಕೂಡ್ಸಿ ಕುಂತಿದ್ದೆ. ಕರೆಂಟಿಂದು ಇನ್ನೂ ಮಜಾ, ಓಪನ್ ಆಕ್ಸೆಸ್, ಅಂದ್ರ ಹೊರಗಿನ ಉತ್ಪಾದಕರಿಂದ ನೇರ ಕೊಂಡ ಸೋಲಾರ್ ಯುನಿಟ್ ಕಳದು ಉಳಿದದ್ದನ್ನೇ ಒಟ್ಟು ಬಳಕೆ ಅಂತ ಬರ್ದಿದ್ದೆ. ಪರಿಚಯದ ಸಿಎ ಒಬ್ಬರು ಮಾಕ್ ಆಡಿಟ್ ಮಾಡಿ, ನಮ್ಮ ಕಂಪನಿ ಮಾಲಿನ್ಯ ನಿಯಂತ್ರಣ ಬೋರ್ಡಿಗೆ ಕೊಟ್ಟ ಪರಿಸರ ವಿವರದ ಫಾರ್ಮ್ 5 ಮುಂದಿಟ್ರು, ನೀರಿನ ಅಂಕಿ ಎಲ್ಲೋ, ನಂದು ಎಲ್ಲೋ. ಮಾರಿ ಸಣ್ಣದಾತು.

ಆಮ್ಯಾಲೆ ಡಿಪಾರ್ಟ್‌ಮೆಂಟಿನವರನ್ನ ಕೇಳೋದೇ ಬಿಟ್ಟೆ. ಗೇಟ್ ರಿಜಿಸ್ಟರ್, ಲಾರಿ ತೂಗೋ ವೇಬ್ರಿಜ್ ಚೀಟಿ, ಅಕೌಂಟ್ಸ್ ರೊಕ್ಕ ಕೊಟ್ಟ ಬಿಲ್, ಈ ಮೂರೇ. ಸ್ಕ್ರ್ಯಾಪಿನಾಂವ ಕಿಲೋ ಲೆಕ್ಕದ ಮ್ಯಾಲೆ ರೊಕ್ಕ ಕೊಡ್ತಾನ, ಟ್ಯಾಂಕರಿನಾಂವ ಟ್ರಿಪ್ಪಿನ ಮ್ಯಾಲೆ ತಗೋತಾನ, ಇಬ್ಬರೂ ಒಂದು ಚೀಟಿ ಬಿಡಂಗಿಲ್ಲ. ಪ್ರತಿ ತಿಂಗಳು 5ನೇ ತಾರೀಖಿಗೆ ಮೂರನ್ನೂ ತಾಳೆ ನೋಡೋದು, ಡೀಸೆಲ್ ಲೀಟರಿಗೆ 2.68 ಕಿಲೋ ಕಾರ್ಬನ್ ಡೈಆಕ್ಸೈಡ್, ಗ್ರಿಡ್ ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ (ಸಿಇಎ) ಕೊಡೋ ಅಂಕಿ ಹಚ್ಚಿ ಲೆಕ್ಕ ಮಾಡೋದು. ರಾತ್ರಿ ಪಾಳಿ ಚೀಟಿ ಕಳೀದಂಗ ಏನು ಮಾಡ್ದೆ ಅನ್ನೋದು ಮಾತ್ರ ಹೇಳಂಗಿಲ್ರಿ, ಮೂರು ತಿಂಗಳು ನಿದ್ದಿಗೆಟ್ಟು ಹುಡುಕಿದ್ದು ಅದು.

ನಡುವ ಒಂದು ಚಟ ಹತ್ತಿತ್ತು, 10 ಸಾವಿರ ಲೀಟರ್ ಅನ್ನೋ ಟ್ಯಾಂಕರಿನಾಗ ಕೋಲು ಬಿಟ್ಟು ಅಳದೆ. 9,200ರ ಸುತ್ತ ಬಂತು! ರೇಟ್ ಇಳಿಸಿದ್ವಿ, ಅದರಾಗೇ ಹೊಸ ಫ್ಲೋಮೀಟರಿನ ರೊಕ್ಕ ಬಂತು. ಕ್ಯಾಂಟೀನಿನ ಉಳಿದ ಅನ್ನನೂ ಒಂದು ವಾರ ತೂಗಿದ್ದೆ, ಆಚಾರಿ ಮಾತು ಬಿಟ್ಟ, ನಿಲ್ಲಿಸ್ದೆ.

ಒಟ್ಟು ಖರ್ಚು ಮೀಟರ್, ಅಶ್ಯೂರೆನ್ಸ್ ಫೀ ಸೇರಿ ಆರು ಲಕ್ಷದೊಳಗ. ಅಶ್ಯೂರೆನ್ಸಿನವರು 40 ಚೀಟಿ ಆರಿಸಿ ಕೇಳಿದ್ರು, 39 ಅಲ್ಲೇ ಕೊಟ್ಟೆ, ಒಂದಕ್ಕ ಟ್ಯಾಂಕರಿನಾಂವನ ಡೈರಿ ತರಿಸ್ದೆ. ಪ್ಲಾಂಟ್ ಹೆಡ್ ಚಹಾ ಕುಡಿಸಿದ್ರು, ಜಮ್ಲಾ ಅಂತ ಮಾತ್ರ ಅನ್ಲಿಲ್ಲ.

ಈಗ ವ್ಯಾಲ್ಯೂ ಚೈನ್, ಅಂದ್ರ ನಮಗ ಮಾಲು ಕೊಡೋರ ಲೆಕ್ಕದ ತಲಿನೋವು. ನಮ್ಮ ಖರೀದಿಯೊಳಗ 2 ಪರ್ಸೆಂಟ್ ಇಲ್ಲಾ ಅದಕ್ಕಿಂತ ಹೆಚ್ಚು ಪಾಲಿರೋ ವೆಂಡರ್ ಲೆಕ್ಕನೂ ಕೊಡೋದು, ಸದ್ಯಕ್ಕ ಸ್ವಇಚ್ಛೆ. ಮೊನ್ನೆ ಭೋಸರಿಯ ಒಬ್ಬರಿಗೆ ಫೋನ್ ಮಾಡಿ ಕರೆಂಟ್ ಬಿಲ್ ಕೇಳಿದೆ, 'ಯಾಕ್ರಿ, ನೀವು ಕಟ್ಟತೀರೇನು?' ಅಂದ್ರು.