ಅಡುಗೆ ಅವರದು, ಕೊಪ್ಪರಿಗೆ ನನ್ನದು

ಫೋನ್ ಬಂದಾಗ ನಾನು ಡೊಂಬಿವಲಿಯಿಂದ ದಾದರ್‌ಗೆ ಹೊರಟ ಲೋಕಲ್‌ನಲ್ಲಿ ನಿಂತಿದ್ದೆ. ಆ ಕಡೆ ಅಂಧೇರಿಯ ಕೇಟರಿಂಗ್ ಯಜಮಾನರು. ಉಡುಪಿ ಕಡೆಯವರು, ನಾನು ಅಣ್ಣ ಅಂತಲೇ ಕರೆಯುವುದು. ಅವರ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿದ್ದು, ಅದನ್ನು ನಡೆಸುವ ಕೋಡ್ ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆಗಳನ್ನು ಬರೆದದ್ದು ನಾನು.

"ನೀನು ನಮ್ಮ ಕೋಡ್ ಮುಚ್ಚಿಟ್ಟಿದ್ದೀಯಂತೆ. ನಮ್ಮ ಅಳಿಯ ನೋಡಿದ. ಸರ್ವರಲ್ಲಿ ಇರುವುದನ್ನು ಓದಲಿಕ್ಕೇ ಆಗುವುದಿಲ್ಲ ಅಂತಾನೆ. ದುಡ್ಡು ಕೊಟ್ಟದ್ದು ನಾನಲ್ವಾ ಮಾರಾಯ? ಮತ್ತೆ ಅದು ನಿನ್ನದು ಹೇಗೆ ಆಗ್ತದೆ?"

ನನಗೆ ಮಾತೇ ಹೊರಡಲಿಲ್ಲ. ಮುಚ್ಚಿಟ್ಟಿದ್ದೇನೆ ಅನ್ನುವ ಮಾತು ತುಂಬಾ ನೋವು ಮಾಡಿತು. ಸಂಜೆ ಬರ್ತೇನೆ ಅಣ್ಣ ಅಂದು ಫೋನ್ ಇಟ್ಟೆ. ಆದರೆ ಆ ಸಂಜೆ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ಹೋದೆ. ಆ ನಾಲ್ಕು ದಿನ ಕಾಯ್ದದ್ದೇ ನಮ್ಮಿಬ್ಬರನ್ನೂ ಉಳಿಸಿತು ಅಂತ ಈಗಲೂ ನಂಬಿದ್ದೇನೆ.

ಕೆಲಸ ಇಷ್ಟು. ಅವರು ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾರೆ. ಬೆಳಿಗ್ಗೆ ಹತ್ತರೊಳಗೆ ಆರ್ಡರ್ ಬರಬೇಕು, ಅಡುಗೆಮನೆಗೆ ಲೆಕ್ಕ ಹೋಗಬೇಕು, ತಿಂಗಳ ಕೊನೆಗೆ ಪ್ರತಿ ಆಫೀಸಿಗೂ ಬಿಲ್ ಆಗಬೇಕು. ಇದಕ್ಕೆಲ್ಲ ಒಂದು ವೆಬ್‌ಸೈಟ್. ಒಟ್ಟು 1,80,000 ರೂಪಾಯಿ, 60,000ದಂತೆ ಮೂರು ಕಂತು. ಎರಡು ಕಂತು ಬಂದಿತ್ತು. ಸೈಟ್ ಓಡಲು ಶುರುವಾಗಿ ಒಂದೂವರೆ ತಿಂಗಳಾಗಿತ್ತು. ಮೂರನೆಯ ಕಂತು ಬಾಕಿ. ಅಗ್ರಿಮೆಂಟ್ ಇರಲಿಲ್ಲ. ಊರಿನವರು, ಮಾತು ಸಾಕು ಅಂದುಕೊಂಡಿದ್ದೆ. ನನ್ನ ಕೊಟೇಶನ್ನಿನಲ್ಲಿ "ವೆಬ್‌ಸೈಟ್ ಮಾಡಿಕೊಡುವುದು" ಅಂತ ಒಂದು ಸಾಲು ಇತ್ತು, ಅಷ್ಟೇ. ಏನೇನು ಕೊಡುವುದು, ಯಾರದು ಯಾವುದು, ಒಂದೂ ಇರಲಿಲ್ಲ.

ಅಳಿಯ, ಅಂದರೆ ಅವರ ಅಕ್ಕನ ಮಗ, ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಸೈಟ್ ಇರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ತೆರೆಮರೆಯಲ್ಲಿ ಓಡುವ ಭಾಗವನ್ನು ನಾನು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ, ಲಾರಾವೆಲ್ ಅನ್ನುವ ಸಿದ್ಧ ಚೌಕಟ್ಟಿನ ಮೇಲೆ ಬರೆದಿದ್ದೆ. ಪಿಎಚ್‌ಪಿ ಕೋಡ್ ಸರ್ವರ್‌ನಲ್ಲಿ ಬರೆದಂತೆಯೇ ಇರುತ್ತದೆ, ಸರ್ವರ್ ಒಳಗೆ ಹೋಗಲು ಅನುಮತಿ ಇರುವ ಯಾರು ಬೇಕಾದರೂ ತೆರೆದು ಓದಬಹುದು. ಆದರೆ ಆರ್ಡರ್ ಹಾಕುವ ಪರದೆ ಮಾಡಿದ್ದು ವ್ಯೂ ಅನ್ನುವ ಇನ್ನೊಂದು ಚೌಕಟ್ಟಿನಲ್ಲಿ. ಅದನ್ನು ಬಿಲ್ಡ್ ಮಾಡಿದಾಗ, ಅಂದರೆ ಸೈಟಿಗೆ ಹಾಕಲು ಸಿದ್ಧಪಡಿಸಿದಾಗ, ನೂರಾರು ಫೈಲ್ ಸೇರಿ ಒಂದೇ ಫೈಲ್ ಆಗುತ್ತದೆ. ಹೆಸರುಗಳೆಲ್ಲ ಒಂದಕ್ಷರಕ್ಕೆ ಇಳಿದು, ಸಾಲು ಮುರಿಯದೆ ಉದ್ದಕ್ಕೆ ಓಡುತ್ತದೆ. ಸೈಟ್ ಬೇಗ ತೆರೆಯಲಿ ಅಂತ ಎಲ್ಲರೂ ಹಾಗೇ ಮಾಡುವುದು. ಆ ಹುಡುಗ ಅದನ್ನು ಮೊದಲ ಸಲ ನೋಡಿದ. ಬೇಕಂತಲೇ ಮುಚ್ಚಿದ್ದಾರೆ ಅಂದುಕೊಂಡ. ನಾನು ಒಂದು ದಿನ ಕೂತು ತೋರಿಸಿದ್ದರೆ ಈ ಜಗಳ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ನನ್ನದು ಇನ್ನೂ ಒಂದು ತಪ್ಪಿತ್ತು. ಡೊಮೇನ್, ಅಂದರೆ ಸೈಟಿನ ವಿಳಾಸ, ನನ್ನ ಖಾತೆಯಲ್ಲಿತ್ತು; ಹೋಸ್ಟಿಂಗ್, ಅಂದರೆ ಸೈಟಿಗೆ ಬಾಡಿಗೆಗೆ ಪಡೆದ ಸರ್ವರ್ ಜಾಗ, ಅದೂ ನನ್ನ ಖಾತೆಯಲ್ಲಿತ್ತು. ಶುರುವಿನಲ್ಲಿ ಅವರಿಗೆ ಸುಲಭವಾಗಲಿ ಅಂತ ನಾನೇ ಕೊಂಡಿದ್ದೆ. ಜಗಳ ಬಂದಾಗ ಅದೇ ಒತ್ತೆ ಇಟ್ಟುಕೊಂಡ ಹಾಗೆ ಕಂಡಿತು.

ಇದೇ ಕೆಲಸ ಮಾಡುವ ಠಾಣೆಯ ಗೆಳೆಯನೊಬ್ಬ, "ಸುಮ್ನೆ ಸೈಟ್ ಬಂದ್ ಮಾಡು, ಮಧ್ಯಾಹ್ನದೊಳಗೆ ಅರವತ್ತು ಸಾವಿರ ಬರ್ತದೆ" ಅಂದ. ಒಂದು ರಾತ್ರಿ ನಾನೂ ಹಾಗೆ ಯೋಚಿಸಿದ್ದೆ. ಮಾಡಲಿಲ್ಲ. ಸೈಟ್ ನಿಂತರೆ ಅಡುಗೆಮನೆಯ ಹುಡುಗರಿಗೆ ಎಷ್ಟು ಅಕ್ಕಿ ಹಾಕಬೇಕು ಅಂತಲೇ ಗೊತ್ತಾಗುವುದಿಲ್ಲ. ಅವರ ಮೇಲೆ ನನಗೆ ಯಾವ ಸಿಟ್ಟು? ಕಾನೂನೂ ಅದಕ್ಕೆ ವಿರುದ್ಧ. 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಇನ್ನೊಬ್ಬರ ಸಿಸ್ಟಮ್‌ಗೆ ಹೋಗುವುದು, ಹಕ್ಕಿದ್ದವರನ್ನು ಒಳಗೆ ಬಿಡದಿರುವುದು, ಡೇಟಾ ಅಳಿಸುವುದು, ಎಲ್ಲವೂ ತಪ್ಪು. ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಖಾತೆ ನನ್ನ ಹೆಸರಲ್ಲಿದ್ದರೇನು, ಒಳಗಿನ ಆರ್ಡರ್, ಗಿರಾಕಿಗಳ ಪಟ್ಟಿ, ಬಿಲ್ ಎಲ್ಲ ಅವರದು. ಡೇಟಾ ಮೊದಲ ದಿನದಿಂದ ಕ್ಲೈಂಟ್‌ನದೇ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ.

ಉಳಿದ ರಾತ್ರಿಗಳಲ್ಲಿ 1957ರ ಕಾಪಿರೈಟ್ ಕಾಯ್ದೆ ಓದಿದೆ. ಕಥೆ, ಕವಿತೆ ಸೇರುವ ಸಾಹಿತ್ಯ ಕೃತಿ ಅನ್ನುವ ಗುಂಪಿನಲ್ಲೇ ಕಂಪ್ಯೂಟರ್ ಪ್ರೋಗ್ರಾಮೂ ಇದೆ. 17ನೇ ಸೆಕ್ಷನ್ ಪ್ರಕಾರ ಬರೆದವನೇ ಮೊದಲ ಮಾಲೀಕ. ಕಂಪನಿಯ ನೌಕರ ಕೆಲಸದ ಭಾಗವಾಗಿ ಬರೆದರೆ ಅದು ಕಂಪನಿಯದು. ನಾನು ನೌಕರನಲ್ಲ, ಫ್ರೀಲಾನ್ಸರ್. ಅಂದರೆ ಬರೆದುಕೊಡದ ಹೊರತು, ದುಡ್ಡು ಕೊಟ್ಟ ಮಾತ್ರಕ್ಕೆ ಕೋಡಿನ ಕಾಪಿರೈಟ್ ಅವರಿಗೆ ಹೋಗುವುದಿಲ್ಲ. ಇದನ್ನು ಓದಿ ನನಗೆ ಧೈರ್ಯ ಬಂತು. ಮುಂದೆ ಓದಿದಾಗ ಅವರ ಪರವಾದದ್ದೂ ಸಿಕ್ಕಿತು. 52ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಪ್ರೋಗ್ರಾಮಿನ ಪ್ರತಿ ನ್ಯಾಯವಾಗಿ ಪಡೆದವರು, ಅದು ಯಾವ ಕೆಲಸಕ್ಕೆ ಸಿಕ್ಕಿತೋ ಆ ಕೆಲಸಕ್ಕೆ ಅದನ್ನು ನಕಲು ಮಾಡಬಹುದು, ಬೇಕಾದಂತೆ ಬದಲಿಸಿಕೊಳ್ಳಲೂಬಹುದು. ಬ್ಯಾಕಪ್ ಇಟ್ಟುಕೊಳ್ಳಬಹುದು. ಅಂದರೆ ನಾನು ಮಾಲೀಕನಾದರೂ, ನೀವು ಮುಟ್ಟಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ. ಫ್ರೀಲಾನ್ಸರ್‌ಗಳು ಸಾಮಾನ್ಯವಾಗಿ 17 ಅನ್ನು ಓದಿ ಅಲ್ಲೇ ನಿಲ್ಲುತ್ತಾರೆ. ದಯವಿಟ್ಟು 52 ಅನ್ನೂ ಓದಿ.

ಹಣದ್ದು ಬೇರೆ ದಾರಿ. ನನ್ನ ಹತ್ತಿರ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇತ್ತು. ಅಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಪಾವತಿಯಾಗಬೇಕು. ತಪ್ಪಿದರೆ ಆಗ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದಿತ್ತು. ನಾನು ಹಾಕಲಿಲ್ಲ. ಅವರು ಹಣ ಕೊಡುವುದಿಲ್ಲ ಅಂದಿರಲಿಲ್ಲ, ಕೋಡ್ ಕೊಟ್ಟ ಮೇಲೆ ಕೊಡ್ತೇನೆ ಅಂದಿದ್ದರು. ಎರಡೂ ಬೇರೆ ಬೇರೆ ಅಲ್ವಾ?

ಹೋಗುವ ಮೊದಲು ಮಾಡಿದ ಮುಖ್ಯ ಕೆಲಸ ಅಂದರೆ ಕೋಡನ್ನು ಫೋಲ್ಡರ್ ಫೋಲ್ಡರ್ ಆಗಿ ವಿಂಗಡಿಸಿದ್ದು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದು ಅವರಿಗಾಗಿಯೇ ಬರೆದದ್ದು: ಆರ್ಡರ್ ಪರದೆ, ಅಡುಗೆಮನೆಯ ಲೆಕ್ಕ, ಡಬ್ಬ ಯಾವ ರೂಟಿನಲ್ಲಿ ಹೋಗಬೇಕು ಅನ್ನುವ ಭಾಗ, ವಿನ್ಯಾಸ. ಎರಡನೆಯದು ನನ್ನ ಹಳೆಯ ಸಾಮಾನು, ಎಲ್ಲಿ ಬೇಕಾದರೂ ಜೋಡಿಸಬಹುದಾದ ಮಾಡ್ಯೂಲುಗಳು: ಬಿಲ್ಲಿಂಗ್ ಭಾಗ, ಲಾಗಿನ್ ಭಾಗ, ವರದಿ ತೆಗೆಯುವ ಭಾಗ. ಇವನ್ನು 2019ರಿಂದ ಬರೆಯುತ್ತಾ ಬಂದಿದ್ದೇನೆ, ಬೇರೆ ಇಬ್ಬರ ಸೈಟಿನಲ್ಲೂ ಇವೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಪ್ರತಿ ಬದಲಾವಣೆಗೂ ತಾರೀಕು ಇರುವುದರಿಂದ ಇದು ಅವರ ಕೆಲಸಕ್ಕಿಂತ ಮೊದಲಿನದು ಅಂತ ತೋರಿಸುವುದು ಕಷ್ಟವಾಗಲಿಲ್ಲ. ಮೂರನೆಯದು ನಮ್ಮಿಬ್ಬರದೂ ಅಲ್ಲದ್ದು: ಲಾರಾವೆಲ್, ವ್ಯೂ, ಪುಟದ ವಿನ್ಯಾಸಕ್ಕೆ ಬಳಸುವ ಬೂಟ್‌ಸ್ಟ್ರಾಪ್. ಇವೆಲ್ಲ ಎಂಐಟಿ ಲೈಸೆನ್ಸ್ ಅನ್ನುವ ಮುಕ್ತ ಪರವಾನಗಿಯವು. ಯಾರು ಬೇಕಾದರೂ ಬಳಸಬಹುದು, ಆದರೆ ನನ್ನದು ಅಂತ ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ. ಕ್ಲೈಂಟ್‌ಗಳು "ಪೂರ್ತಿ ಕೋಡ್ ನಮ್ಮದು" ಅಂತ ಬರೆಸಿಕೊಳ್ಳುವಾಗ ಈ ಮೂರನೆಯ ಭಾಗ ಯಾರ ನೆನಪಿಗೂ ಬರುವುದಿಲ್ಲ. ಹಾಗೆ ಸಹಿ ಹಾಕಿದರೆ ನಮ್ಮದಲ್ಲದ್ದನ್ನು ಕೊಟ್ಟ ಹಾಗಾಗುತ್ತದೆ.

ಭಾನುವಾರ ಅವರ ಅಡುಗೆಮನೆಯ ಮೇಲಿನ ಆಫೀಸಿಗೆ ಹೋದೆ. ಅಳಿಯನೂ ಇದ್ದ. ಕಾನೂನು ತೆಗೆಯಲಿಲ್ಲ. ಮೊದಲು ಲ್ಯಾಪ್‌ಟಾಪ್ ತೆರೆದು ಆ ಹುಡುಗನಿಗೆ ವ್ಯೂ ಫೈಲುಗಳನ್ನೂ ಬಿಲ್ಡ್ ಆಗುವುದನ್ನೂ ತೋರಿಸಿದೆ. ಅವನ ಮುಖ ಸಡಿಲವಾಯಿತು. "ಮಾವ, ಇವರು ಮುಚ್ಚಿದ್ದಲ್ಲ, ಇದು ಹೀಗೇ ಆಗೋದು" ಅಂದ.

ಆಮೇಲೆ ಅಣ್ಣನ ಹತ್ತಿರ ಕೇಳಿದೆ. "ನೀವು ಮದುವೆಗೆ ಊಟ ಹಾಕ್ತೀರಿ. ಅಡುಗೆ ಯಾರದು?"

"ಮದುವೆ ಮನೆಯವರದ್ದು."

"ಕೊಪ್ಪರಿಗೆ, ಸಟ್ಟುಗ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪ್ರತಿ ಮದುವೆ ಮುಗಿದ ಮೇಲೆ ಪಾತ್ರೆ ಎಣಿಸಿ ಟೆಂಪೋ ಹತ್ತಿಸುವವರು ಅವರೇ. "ಸರಿ" ಅಂದರು. "ಆದರೆ ಮದುವೆ ಒಂದು ದಿನದ್ದು. ಇದು ದಿನಾ ನಡೆಯಬೇಕು. ನಾಳೆ ನಿನಗೆ ಏನಾದರೂ ಆದರೆ, ನೀನು ದುಬೈಗೆ ಹೋದರೆ, ನಾನು ಯಾರ ಹತ್ತಿರ ಹೋಗುವುದು?"

ಆಗ ನನಗೆ ವಿಷಯ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಕಾಪಿರೈಟ್ ಅಲ್ಲ. ಒಬ್ಬನ ಕೈಯಲ್ಲಿ ಸಿಕ್ಕಿಬೀಳುತ್ತೇನೆ ಅನ್ನುವ ಹೆದರಿಕೆ ಅದು. ನ್ಯಾಯವಾದ ಹೆದರಿಕೆ. ಇನ್ನೊಂದು ಹೆದರಿಕೆಯನ್ನು ಹೊರಡುವ ಹೊತ್ತಿಗೆ ಹೇಳಿದರು: ಇದೇ ಸೈಟನ್ನು ಪಕ್ಕದ ಕೇಟರರ್‌ಗೆ ನಾನು ಮಾರಿದರೆ? ಎರಡಕ್ಕೂ ಉತ್ತರ ನನ್ನ ಹಾಳೆಯಲ್ಲೇ ಇತ್ತು. ಮೊದಲ ಕಾಲಂ ಪೂರ್ತಿ ನಿಮಗೆ ಬರೆದುಕೊಡ್ತೇನೆ, ಅದನ್ನು ಮತ್ತೆ ಮಾರುವ ಹಕ್ಕು ನನಗೇ ಇರುವುದಿಲ್ಲ. ಎರಡನೆಯ ಕಾಲಂನ ಕೋಡಿನ ಪ್ರತಿ ಕೊಡ್ತೇನೆ, ನಿಮ್ಮ ವ್ಯಾಪಾರಕ್ಕೆ ಯಾವತ್ತೂ ಬಳಸಿ, ಯಾರ ಕೈಯಲ್ಲಾದರೂ ರಿಪೇರಿ ಮಾಡಿಸಿ. ಬೇರೆಯವರಿಗೆ ಮಾತ್ರ ಮಾರಬೇಡಿ, ನಾನು ಅದನ್ನು ಮುಂದೆಯೂ ಬಳಸ್ತೇನೆ.

ಕಾಗದ ಬರೆಯುವಾಗ 19ನೇ ಸೆಕ್ಷನ್ ಎದುರಿಗಿಟ್ಟುಕೊಂಡೆ. ಕಾಪಿರೈಟ್ ಕೈ ಬದಲಾಗಬೇಕಾದರೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲಿಯವರೆಗೆ, ಎಷ್ಟು ಹಣಕ್ಕೆ, ಎಲ್ಲ ಹೇಳಬೇಕು. ಕಾಲ ಬರೆಯದಿದ್ದರೆ ಐದೇ ವರ್ಷ. ಜಾಗ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷ ಬಳಸದಿದ್ದರೆ, ಬೇರೆ ಮಾತು ಬರೆದಿರದ ಹೊರತು, ಹಕ್ಕು ವಾಪಸ್ ಬರುತ್ತದೆ. ಆ ಐದು ವರ್ಷದ ವಿಷಯ ಅಣ್ಣನಿಗೆ ಗೊತ್ತಿರಲಿಲ್ಲ. ನಾನೇ ಹೇಳಿ, "ಕಾಪಿರೈಟ್ ಇರುವಷ್ಟು ಕಾಲ, ಎಲ್ಲ ದೇಶಗಳಿಗೆ" ಅಂತ ಬರೆದೆ. ಹೇಳದೆ ಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಪ್ರತಿಯಾಗಿ ನನಗೆ ಬೇಕಾದ ಒಂದು ಸಾಲು ಹಾಕಿಸಿಕೊಂಡೆ: ಪೂರ್ತಿ ಹಣ ಬ್ಯಾಂಕಿಗೆ ಬಂದ ದಿನದಿಂದ ಈ ವರ್ಗಾವಣೆ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಬಳಸಲು ಅನುಮತಿ ಇದೆ. ಮಾಟುಂಗಾದಲ್ಲಿ ಪರಿಚಯದ ವಕೀಲರೊಬ್ಬರು ಒಮ್ಮೆ ಓದಿ ಎರಡು ಪದ ತಿದ್ದಿದರು. ಒಟ್ಟು ಎರಡು ಪುಟ.

ಕೊಡುವ ಕೆಲಸಕ್ಕೆ ಒಂದು ವಾರ ಹಿಡಿಯಿತು. ನನ್ನ ಹಳೆಯ ಮಾಡ್ಯೂಲುಗಳು ಅವರ ಕೋಡಿನೊಳಗೆ ಕಲಸಿಹೋಗಿದ್ದವು. ಅವನ್ನು ಎತ್ತಿ ಬೇರೆ ಪ್ಯಾಕೇಜ್ ಮಾಡಿ, ಪ್ರತಿಯೊಂದರಲ್ಲೂ ಲೈಸೆನ್ಸ್ ಫೈಲ್ ಇಟ್ಟೆ. ಡೊಮೇನ್ ಅವರ ಹೆಸರಿಗೆ, ಅವರ ಫೋನ್ ನಂಬರಿಗೆ ಹೋಯಿತು. ಹೋಸ್ಟಿಂಗ್ ಹೊಸ ಖಾತೆ, ಅವರ ಕಾರ್ಡಿನಿಂದ. ಆನ್‌ಲೈನ್ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯ ಗುಪ್ತ ಕೀಗಳನ್ನು ಅಳಿಯನ ಎದುರಿಗೇ ಬದಲಿಸಿದೆ, ಹೊಸದು ನನಗೆ ಗೊತ್ತಿಲ್ಲ.

ಈಗ ಯಾವ ಕೆಲಸ ಒಪ್ಪಿದರೂ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಆ ಮೂರು ಕಾಲಂನ ಹಾಳೆಗೆ ಇಬ್ಬರ ಸಹಿಯೂ ಬೀಳುತ್ತದೆ. ಕಳೆದ ವರ್ಷ ಒಬ್ಬರು ಎರಡನೆಯ ಕಾಲಂ ಕೂಡ ತಮಗೇ ಬೇಕು ಅಂದರು. ಹಾಗಾದರೆ ಆ ಭಾಗವನ್ನು ನಿಮಗಾಗಿಯೇ ಹೊಸದಾಗಿ ಬರೆಯಬೇಕು, ಒಂದು ತಿಂಗಳು ಜಾಸ್ತಿ, ದರವೂ ಜಾಸ್ತಿ ಅಂದೆ. ಲೈಸೆನ್ಸ್ ಸಾಕು ಅಂದರು.

ಅಣ್ಣ ಸಹಿ ಹಾಕಿದ ದಿನ 45,000 ಕಳಿಸಿದರು. ಉಳಿದ 15,000, ಅಳಿಯ ನನ್ನ ಸಹಾಯ ಇಲ್ಲದೆ ಹೊಸ ಸರ್ವರ್‌ನಲ್ಲಿ ಸೈಟ್ ಎಬ್ಬಿಸಿದ ಮೇಲೆ ಅಂತ ಮಾತಾಗಿತ್ತು. ಅವನು ಎಬ್ಬಿಸಿದ. ಮರುದಿನ ಸಂಜೆ ಒಂದೇ ಒಂದು ಫೋನ್ ಮಾಡಿದ: ಹತ್ತಕ್ಕೆ ನಿಲ್ಲಬೇಕಾದ ಆರ್ಡರ್ ಮಧ್ಯಾಹ್ನ ಮೂರೂವರೆವರೆಗೆ ಬರುತ್ತಲೇ ಇತ್ತಂತೆ. ಸರ್ವರ್ ಗಡಿಯಾರ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಟೈಮ್‌ಝೋನ್ ಸಾಲು ನೋಡು ಅಂದೆ. ಹತ್ತು ನಿಮಿಷದಲ್ಲಿ ಸರಿಯಾಯಿತು ಅಂತ ಮೆಸೇಜ್ ಬಂತು. ರಾತ್ರಿ ಎಂಟಕ್ಕೆ ಹಣ ಬಂತು.